ಹಳೆಯ ಲ್ಯಾಪ್‌ಟಾಪ್, ಪದೇ ಪದೇ ನೀಲಿ ಪರದೆ: ವಿಂಡೋಸ್‌ನ ಪರೀಕ್ಷಾ ಸಲಕರಣೆಗಳಿಗೆ ನನ್ನ ಅಂಕಪಟ್ಟಿ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಲ್ಯಾಪ್‌ಟಾಪ್ ಮತ್ತೆ ಮತ್ತೆ ಕ್ರ್ಯಾಶ್ ಆಗುತ್ತಿದ್ದರೆ, ಅಪ್‌ಡೇಟ್‌ಗಳು ಅರ್ಧ ದಾರಿಯಲ್ಲಿ ನಿಂತು ಹಿಂದಕ್ಕೆ ಬರುತ್ತಿದ್ದರೆ, ವಿಂಡೋಸ್ 10ರ ಒಳಗೇ ಇರುವ ಸಲಕರಣೆಗಳಿಂದ ಕಾರಣದ ಹತ್ತಿರದವರೆಗೆ ಹೋಗಬಹುದು. ಆದರೆ ಎಲ್ಲ ಸಲಕರಣೆಗಳೂ ಒಂದೇ ಯೋಗ್ಯತೆಯವಲ್ಲ. 'ನಾನು ಸರಿಪಡಿಸುತ್ತೇನೆ' ಎನ್ನುವವಕ್ಕಿಂತ 'ಏನಾಯಿತೆಂದು ಬರೆದಿಟ್ಟಿದ್ದೇನೆ, ನೋಡಿಕೊಳ್ಳಿ' ಎನ್ನುವವು ಎಷ್ಟೋ ಮೇಲು. ಮೊದಲ ಬಗೆಯವಕ್ಕೆ ಐದರಲ್ಲಿ ಎರಡೂವರೆ ಅಂಕ, ಎರಡನೆಯ ಬಗೆಯವಕ್ಕೆ ನಾಲ್ಕು. ಹೊರಗಿನಿಂದ ತಂದ ಒಂದು ಪುಟ್ಟ ತಂತ್ರಾಂಶಕ್ಕೆ ಮಾತ್ರ ಪೂರ್ತಿ ಐದು. ಅದರ ವಿಚಾರ ಮುಂದೆ ಬರುತ್ತದೆ.

ನಾನು ಲೆಕ್ಕಪರಿಶೋಧನೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು. ವೋಚರ್ ಇಲ್ಲದ ಖರ್ಚನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಆದ್ದರಿಂದ 'ಹಳೆಯದಾಯಿತಲ್ಲ, ಹಾಗೇ ಆಗುತ್ತದೆ' ಎಂಬ ಸಮಾಧಾನ ಕೇಳಿದರೆ ಸಿಟ್ಟು ಬರುತ್ತದೆ. ಹಳೆಯದಾದದ್ದು ಯಾವುದು? ಬ್ಯಾಟರಿಯೋ, ಫ್ಯಾನೋ, ಡಿಸ್ಕೋ, ಕೆಲಸದ ಹೊತ್ತಿನ ನೆನಪಾದ ರ‍್ಯಾಮೋ, ಇಲ್ಲ ಯಾರೂ ಮುಟ್ಟದೆ ಬಿಟ್ಟ ಡ್ರೈವರೋ (ಒಂದೊಂದು ಬಿಡಿಭಾಗವನ್ನು ನಡೆಸುವ ತಂತ್ರಾಂಶ)? ಒಂದೊಂದಕ್ಕೂ ಬೇರೆ ಲಕ್ಷಣ, ಬೇರೆ ಪರಿಹಾರ. ನನ್ನ ಯಂತ್ರ 2015ರದ್ದು. ಐದನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್, ನಾಲ್ಕು ನಾಲ್ಕು ಜಿಬಿಯ ಎರಡು ರ‍್ಯಾಮ್ ತುಂಡುಗಳು, ಹುಟ್ಟಿನಲ್ಲಿ ವಿಂಡೋಸ್ 8.1, ಆಮೇಲೆ ಉಚಿತವಾಗಿ ಸಿಕ್ಕ ವಿಂಡೋಸ್ 10. ಮೊದಲಿದ್ದ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ ಮೇಲೆ ವೇಗದ ಬಗ್ಗೆ ತಕರಾರು ಇರಲಿಲ್ಲ. ತಕರಾರು ಶುರುವಾದದ್ದು ವಿಂಡೋಸ್ ಕುಸಿದಾಗ ಹೇಳದೆ ಕೇಳದೆ ಬರುವ ನೀಲಿ ಪರದೆಯಿಂದ, ಮತ್ತು 'ಬದಲಾವಣೆಗಳನ್ನು ಹಿಂತೆಗೆದುಕೊಳ್ಳಲಾಗುತ್ತಿದೆ' ಎಂಬ ಅರ್ಥದ ಆ ಸಾಲಿನಿಂದ. ಮಗಳು 'ಹೊಸದು ತೆಗೆದುಕೊಳ್ಳಿ ಅಪ್ಪಾ' ಎಂದಳು. ಪರಿಚಿತರೆಲ್ಲ 'ಫಾರ್ಮ್ಯಾಟ್ ಮಾಡಿಬಿಡಿ' ಎಂದರು. ಎರಡನ್ನೂ ಮಾಡಲಿಲ್ಲ.

ಮೊದಲು ಹೊಗಳಬೇಕಾದದ್ದು ರಿಲಯಬಿಲಿಟಿ ಮಾನಿಟರ್. ವಿಂಡೋಸ್ ವಿಸ್ಟಾ ಕಾಲದಿಂದಲೂ ಇದೆ, ಆದರೂ ಬಹುಮಂದಿ ಕಣ್ಣೆತ್ತಿ ನೋಡಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷಿನಲ್ಲಿ ರಿಲಯಬಿಲಿಟಿ ಎಂದು ಬೆರಳಚ್ಚಿಸಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಕಾಣುತ್ತದೆ. ತೆರೆದರೆ ದಿನಕ್ಕೊಂದು ಅಂಕಣ. ಪ್ರತಿ ಅಂಕಣದಲ್ಲಿ ಸಾಲುಗಳು: ಅಪ್ಲಿಕೇಶನ್‌ಗಳ ವೈಫಲ್ಯ, ವಿಂಡೋಸ್‌ನದೇ ವೈಫಲ್ಯ, ಇತರೆ ವೈಫಲ್ಯ, ಎಚ್ಚರಿಕೆ, ಮಾಹಿತಿ. ಕ್ರ್ಯಾಶ್ ಆದ ದಿನ ಕೆಂಪು ಗುರುತು. ಅಪ್‌ಡೇಟ್ ಸೋತ ದಿನ ಎಚ್ಚರಿಕೆಯ ಸಾಲಿನಲ್ಲಿ ಹಳದಿ ಗುರುತು. ಯಾವ ದಿನ ಯಾವ ತಂತ್ರಾಂಶ ಹಾಕಿದಿರಿ, ಯಾವ ಡ್ರೈವರ್ ಬದಲಾಯಿತು ಎಂಬುದೂ ಅಲ್ಲೇ, ಮಾಹಿತಿಯ ಸಾಲಿನಲ್ಲಿ ಇರುತ್ತದೆ. ಮೇಲೆ ಒಂದರಿಂದ ಹತ್ತರವರೆಗಿನ ಸ್ಥಿರತೆಯ ಗೆರೆಯೂ ಓಡುತ್ತದೆ. ಆ ಗೆರೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರವನ್ನು ಸುಮ್ಮನೆ ಬಿಟ್ಟರೂ ಅದು ಮೇಲೇರುತ್ತದೆ. ಬೆಲೆ ಇರುವುದು ಕೆಳಗಿನ ಸಾಲುಗಳಿಗೆ.

ಆ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ನನಗೆ ಕಂಡದ್ದು ಇದು: ಕ್ರ್ಯಾಶ್‌ಗಳು ಯಾವುದೋ ಹೊಸ ಡ್ರೈವರ್ ಬಂದ ದಿನದಿಂದ ಶುರುವಾಗಿರಲಿಲ್ಲ. ಯಾವುದೇ ಒಂದು ತಂತ್ರಾಂಶಕ್ಕೆ ಅಂಟಿಕೊಂಡಿರಲಿಲ್ಲ. ಒಂದು ದಿನ ಬ್ರೌಸರ್ ಬಿದ್ದಿದೆ, ಇನ್ನೊಂದು ದಿನ ಸ್ಪ್ರೆಡ್‌ಶೀಟ್, ಮತ್ತೊಂದು ದಿನ ಇಡೀ ವಿಂಡೋಸ್. ಬಹಳ ಫೈಲು, ಬಹಳ ಟ್ಯಾಬು ತೆರೆದಿಟ್ಟುಕೊಂಡ ದಿನಗಳಲ್ಲಿ ಹೆಚ್ಚು. ಅಪ್‌ಡೇಟ್ ಸೋತ ಹಳದಿ ಗುರುತುಗಳೂ ಅವೇ ವಾರಗಳಲ್ಲಿ. ಡ್ರೈವರ್ ತಪ್ಪಾಗಿದ್ದರೆ ಅಪರಾಧಿ ಸಾಮಾನ್ಯವಾಗಿ ಒಬ್ಬನೇ ಇರುತ್ತಾನೆ. ಇಲ್ಲಿ ದಿನಕ್ಕೊಬ್ಬ. ಅನುಮಾನ ಯಂತ್ರಾಂಶದ (ಹಾರ್ಡ್‌ವೇರ್) ಕಡೆ ತಿರುಗಿದ್ದು ಆಗಲೇ. ಈ ಸಲಕರಣೆಗೆ ನಾಲ್ಕೂವರೆ ಅಂಕ. ಅರ್ಧ ಅಂಕ ಕಡಿದದ್ದು ಇದನ್ನು ಕಂಟ್ರೋಲ್ ಪ್ಯಾನೆಲ್‌ನ ಒಳಕೋಣೆಯಲ್ಲಿ ಬಚ್ಚಿಟ್ಟದ್ದಕ್ಕೆ.

ಇದರ ದೊಡ್ಡಣ್ಣ ಇವೆಂಟ್ ವ್ಯೂವರ್, ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಸಲಕರಣೆ. ಮಾಹಿತಿ ಅಗಾಧ, ಸೌಜನ್ಯ ಕಡಿಮೆ. ಆರೋಗ್ಯವಾಗಿರುವ ಯಂತ್ರದಲ್ಲೂ ಇಲ್ಲಿ ಕೆಂಪು, ಹಳದಿ ಗುರುತುಗಳು ರಾಶಿ ಬಿದ್ದಿರುತ್ತವೆ. ಉದಾಹರಣೆಗೆ 10016 ಎಂಬ ಸಂಖ್ಯೆಯ ದಾಖಲೆ ಬಹುತೇಕ ಎಲ್ಲ ಯಂತ್ರಗಳಲ್ಲೂ ಇರುತ್ತದೆ. ಅದರಿಂದ ಬಳಕೆದಾರರಿಗೆ ಏನೂ ತೊಂದರೆಯಿಲ್ಲ. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಎಂದು ಫೋನು ಮಾಡುವ ವಂಚಕರು ಜನರನ್ನು ಕರೆದುಕೊಂಡು ಹೋಗಿ ನಿಲ್ಲಿಸುವುದು ಈ ಕಿಟಕಿಯ ಮುಂದೆಯೇ. ಕೆಂಪು ಕಂಡು ಹೆದರಿದವರು ಹಣ ಕೊಡುತ್ತಾರೆ. ಆದ್ದರಿಂದ ಗೊತ್ತಿರುವ ಕೆಲವೇ ಸಂಖ್ಯೆಗಳನ್ನು ಹುಡುಕಿ, ಉಳಿದದ್ದನ್ನು ಬಿಟ್ಟು ಹೊರಬರುವುದು ಕ್ಷೇಮ.

ಕರ್ನಲ್ ಪವರ್ 41 ಎಂಬ ದಾಖಲೆಯನ್ನು ಎಲ್ಲರೂ ಕಾರಣವೆಂದು ತಿಳಿಯುತ್ತಾರೆ. ಅದು ಕಾರಣವಲ್ಲ. 'ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ' ಎಂಬ ಷರಾ ಅಷ್ಟೇ. ಕರೆಂಟು ಹೋದರೂ ಅದೇ, ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದರೂ ಅದೇ. ಅದರ ವಿವರಗಳೊಳಗೆ ಬಗ್‌ಚೆಕ್ ಕೋಡ್ ಎಂಬ ಸಾಲಿದೆ. ಉಪಯೋಗಕ್ಕೆ ಬರುವುದು ಅದು. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡಲು ಪುರುಸೊತ್ತು ಸಿಕ್ಕಿಲ್ಲ ಎಂದರ್ಥ. ಆಗ ಶಾಖ, ಬ್ಯಾಟರಿ, ಚಾರ್ಜರ್ ಇವುಗಳ ಕಡೆ ನೋಡಬೇಕು. ಸಂಖ್ಯೆ ಇದ್ದರೆ ನೀಲಿ ಪರದೆ ಬಂದು ಹೋಗಿದೆ, ಕುರುಹು ಉಳಿದಿರುವ ಸಂಭವವಿದೆ. ಹೆಸರಿನಲ್ಲಿ ವ್ಹೀಯಾ ಲಾಗರ್ ಎಂದಿರುವ ದಾಖಲೆಗಳು ಸಿಕ್ಕಿದರೆ ಅಲ್ಲಿ ಯಂತ್ರಾಂಶವೇ ನೇರವಾಗಿ ದೂರು ಕೊಟ್ಟಿದೆ ಎಂದು ತಿಳಿಯಿರಿ. ನನ್ನಲ್ಲಿ ಅವು ಇರಲಿಲ್ಲ. ರ‍್ಯಾಮ್‌ನ ತಪ್ಪನ್ನು ತಾನೇ ಗುರುತಿಸುವ ವ್ಯವಸ್ಥೆ ಸಾಮಾನ್ಯ ಲ್ಯಾಪ್‌ಟಾಪ್‌ಗಳ ರ‍್ಯಾಮ್‌ನಲ್ಲಿ ಇರುವುದಿಲ್ಲ, ಅದು ಸರ್ವರ್‌ಗಳ ಸೌಭಾಗ್ಯ. ಹೀಗಾಗಿ ಆ ಮೌನದಿಂದ ಏನೂ ಸಾಬೀತಾಗುವುದಿಲ್ಲ.

ನೀಲಿ ಪರದೆಯ ಬಗ್ಗೆಯೂ ಒಂದು ಮಾತು. ಸಪ್ಪೆ ಮುಖದ ಚಿಹ್ನೆ, ಪಕ್ಕದಲ್ಲಿ ಕ್ಯೂಆರ್ ಸಂಕೇತ. ಆ ಸಂಕೇತವನ್ನು ಮೊಬೈಲಿನಿಂದ ಓದಿಸಿದರೆ ನಿಮ್ಮ ಯಂತ್ರದ ವಿಚಾರವೇನೂ ಸಿಗುವುದಿಲ್ಲ, ಎಲ್ಲರಿಗೂ ಹೇಳುವ ಸಾಮಾನ್ಯ ಸಲಹೆಯ ಪುಟ ಸಿಗುತ್ತದೆ. ಬರೆದಿಟ್ಟುಕೊಳ್ಳಬೇಕಾದದ್ದು ಕೆಳಗಿನ ಸ್ಟಾಪ್ ಕೋಡ್, ಅಂದರೆ ದೋಷದ ಹೆಸರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್ ಎಂದು ಬಗೆಬಗೆಯ ಹೆಸರುಗಳು ಸೇರಿಕೊಂಡವು. ಒಂದೇ ಹೆಸರು ಮರುಕಳಿಸಿದರೆ ಡ್ರೈವರ್ ಮೇಲೆ ಕಣ್ಣಿಡಬೇಕು. ಹೆಸರು ಹೀಗೆ ಬದಲಾಗುತ್ತಲೇ ಇದ್ದರೆ ರ‍್ಯಾಮ್ ಮೇಲೆ. ಇದು ಕಾನೂನಲ್ಲ, ಆದರೆ ಎಲ್ಲಿಂದ ಹುಡುಕಲು ತೊಡಗಬೇಕೆಂದು ತೀರ್ಮಾನಿಸಲು ಸಾಕು.

ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಮಿನಿಡಂಪ್ ಎಂಬ ಉಪಫೋಲ್ಡರ್ ಇದೆ. ಪ್ರತಿ ನೀಲಿ ಪರದೆಗೂ ಅದರ ವಿವರವುಳ್ಳ ಒಂದು ಸಣ್ಣ ಫೈಲು (ಡಂಪ್ ಫೈಲು) ಅಲ್ಲಿ ಬೀಳುತ್ತದೆ. ಅದನ್ನು ಓದಲು ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ತಂತ್ರಾಂಶ ಸುಲಭ. ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಇನ್ನೂ ಆಳಕ್ಕೆ ಹೋಗುತ್ತದೆ, ಕಲಿಯಲು ತಾಳ್ಮೆ ಬೇಕು. ಬ್ಲೂಸ್ಕ್ರೀನ್‌ವ್ಯೂ ಬಳಸುವವರಿಗೆ ಒಂದು ಎಚ್ಚರಿಕೆ: 'ಕಾರಣವಾದ ಡ್ರೈವರ್' ಎಂಬ ಅಂಕಣದಲ್ಲಿ ಎನ್‌ಟಿಒಎಸ್‌ಕರ್ನಲ್ ಎಂದು ಬಂದರೆ ಅದನ್ನು ಅಳಿಸಲು ಹೊರಡಬೇಡಿ. ಅದು ವಿಂಡೋಸ್‌ನ ಹೃದಯಭಾಗ. ಬೇರೆ ಯಾರೋ ಕೆಡಿಸಿದ್ದನ್ನು ಕೊನೆಗೆ ಮುಟ್ಟಿ ಸಿಕ್ಕಿಬಿದ್ದದ್ದು ಅದು, ಅಷ್ಟೇ. ಮೂರೂವರೆ ಅಂಕ.

ಇನ್ನು 'ಸರಿಪಡಿಸುವ' ವರ್ಗ. ಯಾರನ್ನೇ ಕೇಳಿ, ಮೊದಲ ಉತ್ತರ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಓಡಿಸಬೇಕು. ವಿಂಡೋಸ್‌ನ ಸಂರಕ್ಷಿತ ಫೈಲುಗಳನ್ನು ಒಂದೊಂದಾಗಿ ನೋಡಿ, ಕೆಟ್ಟದ್ದರ ಜಾಗಕ್ಕೆ ಒಳ್ಳೆಯ ಪ್ರತಿ ಇಡುತ್ತದೆ. ಆ ಒಳ್ಳೆಯ ಪ್ರತಿ ಎಲ್ಲಿಂದ ಬರುತ್ತದೆ? ಯಂತ್ರದಲ್ಲೇ ಇರುವ ಕಾಂಪೊನೆಂಟ್ ಸ್ಟೋರ್ ಎಂಬ ಉಗ್ರಾಣದಿಂದ. ಆ ಉಗ್ರಾಣದ ಸರಕೇ ಕೆಟ್ಟಿದ್ದರೆ ಎಸ್‌ಎಫ್‌ಸಿ ಕೈಚೆಲ್ಲುತ್ತದೆ. ಅದಕ್ಕಾಗಿ ಮೊದಲು ಡಿಸ್ಮ್ ಆದೇಶವನ್ನು ರಿಸ್ಟೋರ್‌ಹೆಲ್ತ್ ಜೊತೆ ಓಡಿಸಿ ಉಗ್ರಾಣವನ್ನು ಸರಿಪಡಿಸಬೇಕು, ಆಮೇಲೆ ಎಸ್‌ಎಫ್‌ಸಿ. ಕ್ರಮ ಇದು, ಬಹಳಷ್ಟು ಜನ ಹೇಳುವುದು ತಿರುಗುಮುರುಗಾಗಿ. ಡಿಸ್ಮ್ ತನಗೆ ಬೇಕಾದ ಸರಕನ್ನು ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್‌ನಿಂದಲೇ ತರಿಸಿಕೊಳ್ಳುತ್ತದೆ. ಅಪ್‌ಡೇಟ್ ವ್ಯವಸ್ಥೆಯೇ ಕೆಟ್ಟಿದ್ದಾಗ ಇದು ಎಂಥ ಉಪಕಾರ ಎಂದು ನೀವೇ ಯೋಚಿಸಿ. ಆಗ ಅದೇ ಆವೃತ್ತಿಯ ವಿಂಡೋಸ್‌ನ ಐಎಸ್‌ಒ ಫೈಲನ್ನು (ಇಡೀ ವಿಂಡೋಸ್‌ನ ಅಳವಡಿಕೆಯ ಪ್ರತಿ) ಇಳಿಸಿಕೊಂಡು, ಸರಕು ಇಲ್ಲಿದೆ ಎಂದು ಕೈಯಾರೆ ದಾರಿ ತೋರಿಸಬೇಕಾಗುತ್ತದೆ. ಓಡುತ್ತಿರುವಾಗ ಶೇಕಡಾ 62.3ರಲ್ಲಿ ಬಹಳ ಹೊತ್ತು ನಿಂತರೆ ಗಾಬರಿಯಾಗಿ ಕಿಟಕಿ ಮುಚ್ಚಬೇಡಿ. ಅದು ಕೆಲಸ ಮಾಡುತ್ತಿರುತ್ತದೆ, ಹೇಳುವುದಿಲ್ಲ ಅಷ್ಟೇ.

ನನ್ನ ಯಂತ್ರದಲ್ಲಿ ಇವೆರಡೂ ಮಾಡಿದ ಕೆಲಸಕ್ಕಿಂತ ಇವು ಕೊಟ್ಟ ಹೇಳಿಕೆಗಳು ಹೆಚ್ಚು ಉಪಯೋಗಕ್ಕೆ ಬಂದವು. ಬೆಳಗ್ಗೆ ಎಸ್‌ಎಫ್‌ಸಿ 'ಕೆಟ್ಟ ಫೈಲು ಸಿಕ್ಕಿತು, ಸರಿಪಡಿಸಿದೆ' ಎಂದಿತು. ಮಧ್ಯಾಹ್ನ, ನಡುವೆ ಏನನ್ನೂ ಮುಟ್ಟದಿದ್ದರೂ, 'ಸಿಕ್ಕಿತು, ಕೆಲವನ್ನು ಸರಿಪಡಿಸಲಾಗಲಿಲ್ಲ' ಎಂದಿತು. ಸಂಜೆ 'ಯಾವ ದೋಷವೂ ಇಲ್ಲ'. ಒಬ್ಬನೇ ಸಾಕ್ಷಿ ಒಂದೇ ದಿನ ಮೂರು ಹೇಳಿಕೆ ಕೊಟ್ಟರೆ ಫೈಲುಗಳಿಗಿಂತ ಸಾಕ್ಷಿಯನ್ನೇ ಅನುಮಾನಿಸಬೇಕು. ಎಸ್‌ಎಫ್‌ಸಿ ಫೈಲನ್ನು ಡಿಸ್ಕಿನಿಂದ ರ‍್ಯಾಮ್‌ಗೆ ತಂದುಕೊಂಡು ತಾಳೆ ನೋಡುತ್ತದೆ. ರ‍್ಯಾಮ್‌ನಲ್ಲಿ ಒಂದು ಬಿಟ್ ತಿರುಗಿಬಿದ್ದರೂ, ಡಿಸ್ಕಿನಲ್ಲಿ ನೆಟ್ಟಗಿರುವ ಫೈಲು ಅದರ ಕಣ್ಣಿಗೆ ಕೆಟ್ಟದ್ದಾಗಿ ಕಾಣುತ್ತದೆ.

ಅಪ್‌ಡೇಟ್‌ಗಳ ಸೋಲಿಗೂ ಇದೇ ವಿವರಣೆ ಹೊಂದಿತು. ಅಪ್‌ಡೇಟ್ ಬರುವುದು ಒತ್ತಿ ಕಟ್ಟಿದ ಗಂಟಾಗಿ. ಅದನ್ನು ರ‍್ಯಾಮ್‌ನಲ್ಲಿ ಬಿಚ್ಚಿ, ಹ್ಯಾಶ್ (ಫೈಲಿನ ಗುರುತಿನ ಸಂಖ್ಯೆ) ತಾಳೆ ಹಾಕಿ, ಆಮೇಲೆ ಉಗ್ರಾಣಕ್ಕೆ ಸೇರಿಸಬೇಕು. ಬಿಚ್ಚುವ ಜಾಗದಲ್ಲೇ ಒಂದು ಕಣ ಸುಳ್ಳು ಹೇಳಿದರೆ ತಾಳೆ ಬೀಳುವುದಿಲ್ಲ, ಅಪ್‌ಡೇಟ್ ಸೋಲುತ್ತದೆ. ತಾಳೆಯಾದ ಮೇಲೆ ಕೆಟ್ಟರೆ ಇನ್ನೂ ಕಷ್ಟ: ಕೆಟ್ಟ ಸರಕು ಉಗ್ರಾಣಕ್ಕೆ ಹೋಗಿ ಕೂರುತ್ತದೆ, ಮುಂದಿನ ತಿಂಗಳ ಅಪ್‌ಡೇಟೂ ಅಲ್ಲಿಗೆ ಬಂದು ಎಡವುತ್ತದೆ. ಡಿಸ್ಮ್ ಸರಿಪಡಿಸಿದ ಉಗ್ರಾಣ ಮತ್ತೆ ಕೆಡುತ್ತಿದ್ದುದರ ಗುಟ್ಟು ಇದು.

ಅಪ್‌ಡೇಟ್‌ನ ದೋಷ ಸಂಖ್ಯೆಗಳನ್ನು ಮಂತ್ರದಂತೆ ಹುಡುಕುಯಂತ್ರಕ್ಕೆ ಒಪ್ಪಿಸುವ ಮೊದಲು ಅವನ್ನು ಓದಲು ಕಲಿಯುವುದು ಒಳ್ಳೆಯದು. ನಮ್ಮ ಲೆಕ್ಕಶೀರ್ಷಿಕೆಗಳ ಹಾಗೆ ಮೊದಲ ಅಂಕಿಗಳು ಇಲಾಖೆ, ಕೊನೆಯವು ಬಾಬತ್ತು. 8007ರಿಂದ ಶುರುವಾದರೆ ವಿಂಡೋಸ್‌ನ ಸಾಮಾನ್ಯ ದೋಷ. 8024 ಅಪ್‌ಡೇಟ್ ವ್ಯವಸ್ಥೆಯ ಸ್ವಂತ ದೋಷ, ಅದರಲ್ಲಿ ಎಷ್ಟೋ ನೆಟ್‌ವರ್ಕಿಗೆ ಸಂಬಂಧಿಸಿದ್ದು. 800ಎಫ್ ಆದರೆ ಉಗ್ರಾಣಕ್ಕೂ ಅಳವಡಿಕೆಗೂ ಸೇರಿದ್ದು. 8007ರ ಕೊನೆಯ ನಾಲ್ಕು ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಇರುತ್ತವೆ. ಕ್ಯಾಲ್ಕುಲೇಟರ್‌ನ ಪ್ರೋಗ್ರಾಮರ್ ವಿಧಾನದಲ್ಲಿ ಹಾಕಿ ದಶಮಾನಕ್ಕೆ ತಿರುಗಿಸಿದರೆ ಹಳೆಯ ಪರಿಚಿತ ಸಂಖ್ಯೆಗಳು ಹೊರಬರುತ್ತವೆ. 80070070 ಎಂದರೆ 112: ಡಿಸ್ಕ್ ತುಂಬಿದೆ. 8007000ಡಿ ಎಂದರೆ 13: ದತ್ತಾಂಶ ಸರಿಯಿಲ್ಲ. 80070643 ಎಂದರೆ 1603: ಅಳವಡಿಕೆ ವಿಫಲ. ಈ ಕೊನೆಯದು ಉತ್ತರವೇ ಅಲ್ಲ, ಪ್ರಶ್ನೆಯನ್ನೇ ಮತ್ತೊಮ್ಮೆ ಹೇಳಿದ ಹಾಗೆ. ನನಗೆ ಹೆಚ್ಚಾಗಿ ಸಿಕ್ಕಿದ್ದು 80073712, ಅಂದರೆ ಉಗ್ರಾಣ ಕೆಟ್ಟಿದೆ ಎಂಬ ಸ್ಪಷ್ಟ ದೂರು. ಸಂಖ್ಯೆಯೇ ಇಷ್ಟು ಬಾಯಿಬಿಟ್ಟು ಹೇಳುತ್ತಿರುವಾಗ ಪರದೆಯ ಮೇಲೆ 'ಏನೋ ತೊಂದರೆಯಾಯಿತು, ಆಮೇಲೆ ಪ್ರಯತ್ನಿಸಿ' ಎಂದು ತೋರಿಸುವವರ ಬಗ್ಗೆ ನನಗೆ ಗೌರವವಿಲ್ಲ.

ಅಪ್‌ಡೇಟ್ ಟ್ರಬಲ್‌ಶೂಟರ್ ಓಡಿಸಿದೆ. 'ಸಮಸ್ಯೆಗಳನ್ನು ಬಗೆಹರಿಸಲಾಗಿದೆ' ಎಂದಿತು, ಬಗೆಹರಿದಿರಲಿಲ್ಲ. ಎರಡು ಅಂಕ. ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಿಸುವ ಪ್ರಸಿದ್ಧ ಉಪಾಯವೂ ಇದೆ. ಅಪ್‌ಡೇಟ್ ಸೇವೆಯನ್ನೂ, ಹಿನ್ನೆಲೆಯಲ್ಲಿ ಫೈಲು ಇಳಿಸುವ ಬಿಟ್ಸ್ ಸೇವೆಯನ್ನೂ ನಿಲ್ಲಿಸಿ ಹೆಸರು ಬದಲಿಸಿದರೆ, ಅರ್ಧಂಬರ್ಧ ಇಳಿದ ಕಸವೆಲ್ಲ ಪಕ್ಕಕ್ಕೆ ಹೋಗಿ ಹೊಸದಾಗಿ ಇಳಿಯುತ್ತದೆ. ಇಳಿಕೆಯೇ ಕೆಟ್ಟಿದ್ದವರಿಗೆ ಇದು ಖಂಡಿತ ಕೆಲಸ ಮಾಡುತ್ತದೆ. ಅಪ್‌ಡೇಟ್ ಇತಿಹಾಸದ ಪಟ್ಟಿ ಖಾಲಿಯಾಗಿ ಕಾಣುತ್ತದೆ, ಆದ್ದರಿಂದ ಸೋತ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಡಿಸ್ಕಿನ ಪರೀಕ್ಷೆ ಬೇಗ ಮುಗಿಯಿತು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಂಡ ಸ್ಮಾರ್ಟ್ ದಾಖಲೆಯನ್ನು ಓದಿ ತೋರಿಸುತ್ತದೆ. ಹಾರ್ಡ್ ಡಿಸ್ಕ್ ಇರುವವರು ಡಿಸ್ಕಿನ ಕೆಟ್ಟ ಜಾಗಗಳನ್ನು ಎಣಿಸುವ 05, ಸಿ5, ಸಿ6 ಎಂಬ ಮೂರು ಸಾಲುಗಳನ್ನು ನೋಡಬೇಕು. ಅವು ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ ಬೇರೆಲ್ಲ ಪರೀಕ್ಷೆ ಬದಿಗಿಟ್ಟು ಮೊದಲು ಫೈಲುಗಳ ನಕಲು ತೆಗೆದುಕೊಳ್ಳಿ. ಸಿ7 ಏರುತ್ತಿದ್ದರೆ ಡಿಸ್ಕಿಗಿಂತ ಅದರ ಕೇಬಲ್ ಅಥವಾ ಕನೆಕ್ಟರ್ ಮೇಲೆ ಅನುಮಾನ ಪಡಿ. ನನ್ನ ಎಸ್‌ಎಸ್‌ಡಿ ಸ್ವಚ್ಛವಾಗಿತ್ತು. ಶಾಖವೂ ಅಷ್ಟೇ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ, ಅದೂ ಸಾಲದಿದ್ದರೆ ಆರಿಹೋಗುತ್ತವೆ. ಹೀಗೆ ಆರಿದಾಗ ನೀಲಿ ಪರದೆ ಬರುವುದಿಲ್ಲ, ಡಂಪ್ ಫೈಲು ಬೀಳುವುದಿಲ್ಲ. ನನಗೆ ಎರಡೂ ಬರುತ್ತಿದ್ದವು. ಫ್ಯಾನಿನ ಧೂಳು ತೆಗೆಸಿದ್ದು ನಿಜ, ಅದರಿಂದ ಸದ್ದು ಕಡಿಮೆಯಾಯಿತು, ಕ್ರ್ಯಾಶ್ ಕಡಿಮೆಯಾಗಲಿಲ್ಲ.

ಉಳಿದದ್ದು ರ‍್ಯಾಮ್. ವಿಂಡೋಸ್‌ನದೇ ಮೆಮೊರಿ ಡಯಗ್ನಾಸ್ಟಿಕ್ ಇದೆ. ಯಂತ್ರವನ್ನು ಮತ್ತೆ ಶುರುಮಾಡಿ, ವಿಂಡೋಸ್ ಏಳುವ ಮೊದಲೇ ಪರೀಕ್ಷೆ ನಡೆಸುತ್ತದೆ. ಫಲಿತಾಂಶವನ್ನು ಆಮೇಲೆ ತಿಳಿಸುತ್ತೇನೆ ಎಂದು ಹೇಳಿ ಎಷ್ಟೋ ಸಲ ತಿಳಿಸುವುದೇ ಇಲ್ಲ. ಇವೆಂಟ್ ವ್ಯೂವರ್‌ಗೆ ಹೋಗಿ ಮೆಮೊರಿ ಡಯಗ್ನಾಸ್ಟಿಕ್ಸ್ ರಿಸಲ್ಟ್ಸ್ ಎಂದು ಹುಡುಕಬೇಕು. ಹುಡುಕಿದೆ. 'ಯಾವ ದೋಷವೂ ಕಂಡುಬಂದಿಲ್ಲ.' ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ನಿಲ್ಲಿಸಬಾರದು. ತಾನಾಗಿ ನಡೆಯುವುದು ಸ್ಟ್ಯಾಂಡರ್ಡ್ ಎಂಬ ನಡುಮಟ್ಟದ ಪರೀಕ್ಷೆ. ಶುರುವಾದ ಕೂಡಲೇ ಎಫ್1 ಒತ್ತಿದರೆ ಎಕ್ಸ್‌ಟೆಂಡೆಡ್ ಎಂಬ ಕಠಿಣ ಮಟ್ಟ ಆರಿಸಬಹುದು, ಎಷ್ಟು ಸುತ್ತು ಬೇಕೆಂದೂ ಹೇಳಬಹುದು. ಅಷ್ಟು ಕಾಯುವ ಬದಲು ನಾನು ಮೆಮ್‌ಟೆಸ್ಟ್86 ಪ್ಲಸ್ ಕಡೆ ಹೋದೆ.

ಐದಕ್ಕೆ ಐದು ಅಂಕ ಇದಕ್ಕೆ. ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ಬಹುಕಾಲ 5.01ರಲ್ಲೇ ನಿಂತಿದ್ದದ್ದು 2022ರಲ್ಲಿ 6ನೇ ಆವೃತ್ತಿಯಾಗಿ ಹೊಸದಾಗಿ ಬರೆಯಲ್ಪಟ್ಟು, ಈಗಿನ ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ಬಗೆಯ ಮೂಲ ತಂತ್ರಾಂಶ) ಯಂತ್ರಗಳಲ್ಲೂ ಓಡುತ್ತದೆ. ಹೆಸರಿನ ಕೊನೆಯ ಪ್ಲಸ್ ಗಮನಿಸಿ. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಪಾಸ್‌ಮಾರ್ಕ್ ಸಂಸ್ಥೆಯದು, ಅದೂ ಒಳ್ಳೆಯದೇ, ಬೇರೆಯದು. ಪೆನ್‌ಡ್ರೈವಿಗೆ ಬರೆದು ಅದರಿಂದ ಬೂಟ್ ಮಾಡಬೇಕು. ಕೆಲವು ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತಾ ತಡೆಯನ್ನು ಆಫ್ ಮಾಡಬೇಕಾಗುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿರುವವರು ಅದಕ್ಕೂ ಮೊದಲು ರಿಕವರಿ ಕೀಲಿಯನ್ನು ಬೇರೆಡೆ ಬರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಪರೀಕ್ಷೆ ಮುಗಿಸಿ ಬಂದಾಗ ಸ್ವಂತ ಯಂತ್ರವೇ ಗುರುತಿನ ಚೀಟಿ ಕೇಳುತ್ತದೆ.

ಪರದೆ ನೋಡಲು ಏನೂ ಚೆಂದವಿಲ್ಲ: ಪಠ್ಯ, ಅಂಕಿಗಳು, ಓಡುವ ಗೆರೆ. ಬೇರೆ ಬೇರೆ ವಿನ್ಯಾಸದ ಬಿಟ್‌ಗಳನ್ನು ರ‍್ಯಾಮ್‌ನ ಮೂಲೆಮೂಲೆಗೂ ಬರೆಯುತ್ತದೆ, ಓದಿ ತಾಳೆ ನೋಡುತ್ತದೆ. ತಪ್ಪಿದರೆ ಯಾವ ವಿಳಾಸ, ಏನು ಬರೆದದ್ದು, ಏನು ಓದಿದ್ದು ಎಂದು ಕೆಂಪಿನಲ್ಲಿ ತೋರಿಸುತ್ತದೆ. ರಾತ್ರಿ ಹಚ್ಚಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಮೊದಲ ಸುತ್ತು ಶುದ್ಧ, ಮುಂದಿನ ಸುತ್ತುಗಳಲ್ಲಿ ಕೆಂಪು ಸಾಲುಗಳು, ವಿಳಾಸಗಳೆಲ್ಲ ಒಂದೇ ಓಣಿಯವು. ಇಂಥ ದೋಷ ಒಂದು ಸುತ್ತಿನಲ್ಲಿ ಸಿಗದಿರುವುದು ಸಾಮಾನ್ಯ, ಬಿಸಿಯಾದ ಮೇಲೆ ಮಾತ್ರ ತಲೆ ಎತ್ತುವ ಕಣಗಳಿರುತ್ತವೆ. ಹಾಗೆಯೇ, ಈ ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಶೇಕಡಾವಾರು ರಿಯಾಯಿತಿ ಇಲ್ಲ.

ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ಕಳಚಿ, ಕೆಳಗಿನ ಮುಚ್ಚಳ ತೆಗೆದು ರ‍್ಯಾಮ್ ತುಂಡುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಇಲ್ಲಿ ಅವಸರಿಸಬಾರದು. ಒಂದೇ ತುಂಡನ್ನು ಎರಡೂ ಸ್ಲಾಟ್‌ಗಳಲ್ಲಿ ಹಾಕಿ ನೋಡಬೇಕು, ಏಕೆಂದರೆ ತುಂಡು ಸರಿಯಿದ್ದು ಸ್ಲಾಟ್ ಕೆಟ್ಟಿರಬಹುದು. ಕೆಲವೊಮ್ಮೆ ತೆಗೆದು ಮತ್ತೆ ಸರಿಯಾಗಿ ಕೂರಿಸಿದರೇ ಗುಣವಾಗುತ್ತದೆ. ನನ್ನಲ್ಲಿ ಒಂದು ತುಂಡು ಯಾವ ಸ್ಲಾಟ್‌ನಲ್ಲಿದ್ದರೂ ತಪ್ಪಿತು, ಇನ್ನೊಂದು ಎರಡರಲ್ಲೂ ಪಾಸಾಯಿತು. ಕೆಟ್ಟದ್ದನ್ನು ಹೊರಗಿಟ್ಟೆ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ ತೆಳು ಯಂತ್ರಗಳವರಿಗೆ ಈ ಅನುಕೂಲ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ದಪ್ಪನೆಯ ಹಳೆಯ ಯಂತ್ರದ ಪರವಾಗಿ ನನ್ನ ವಾದಗಳಲ್ಲಿ ಇದೇ ಮೊದಲನೆಯದು.

ನಾಲ್ಕು ಜಿಬಿಯಲ್ಲಿ ಯಂತ್ರ ನಿಧಾನವಾಯಿತು, ಬೀಳಲಿಲ್ಲ. ಡಿಸ್ಮ್ ಮತ್ತೆ ಓಡಿಸಿದೆ, ಆಮೇಲೆ ಎಸ್‌ಎಫ್‌ಸಿ. ಈ ಸಲ ಅವು ಸರಿಪಡಿಸಿದ್ದು ಸರಿಯಾಗಿಯೇ ಉಳಿಯಿತು, ಮಾರನೆಯ ದಿನ ಕೇಳಿದರೂ ಅದೇ ಉತ್ತರ. ಹಾಗಾದರೆ ಅವುಗಳಿಗೆ ಎರಡೂವರೆ ಅಂಕ ಅನ್ಯಾಯವಲ್ಲವೇ ಎಂದು ಕೇಳಬಹುದು. ಅಲ್ಲ. ತಾನು ನಿಂತಿರುವ ನೆಲ ಅಲ್ಲಾಡುತ್ತಿದೆಯೇ ಎಂದು ನೋಡದೆ 'ಸರಿಪಡಿಸಿದೆ' ಎಂದು ಪ್ರಮಾಣಪತ್ರ ಕೊಡುವವರಿಗೆ ಅಷ್ಟೇ.

ತಿಂಗಳ ಅಪ್‌ಡೇಟ್‌ಗಳು ಒಂದರ ಹಿಂದೆ ಒಂದು ಒಳಬಂದವು. ಒಂದು ಮಾತ್ರ ಹಟ ಹಿಡಿಯಿತು, 80070643 ಎಂದು. ರ‍್ಯಾಮ್ ಸರಿಯಾದ ಮೇಲೂ ಸೋಲುತ್ತಿದೆ ಎಂದರೆ ಇದು ಬೇರೆಯೇ ಪ್ರಕರಣ. ಹೆಸರು ನೋಡಿದರೆ ಕೆಬಿ5034441, 2024ರ ಜನವರಿ 9ರಂದು ಬಿಡುಗಡೆಯಾದದ್ದು. ಇದು ವಿಂಡೋಸ್‌ನ ರಿಕವರಿ ವಿಭಾಗವನ್ನು (ದುರಸ್ತಿಗೆಂದು ಡಿಸ್ಕಿನಲ್ಲಿ ಬೇರೆಯಾಗಿ ಎತ್ತಿಟ್ಟ ಜಾಗ) ನವೀಕರಿಸುವ ಅಪ್‌ಡೇಟ್. ಬಿಟ್‌ಲಾಕರನ್ನು ದಾಟಿಹೋಗಬಹುದಾದ ಒಂದು ಭದ್ರತಾ ಬಿರುಕನ್ನು ಮುಚ್ಚಲು ಬಂದದ್ದು. ಅದಕ್ಕೆ ರಿಕವರಿ ವಿಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಕು. ನನ್ನಂಥ ಹಳೆಯ ಯಂತ್ರಗಳಲ್ಲಿ, ವಿಂಡೋಸ್ 8.1 ಕಾಲದಲ್ಲಿ ಕಡಿದಿಟ್ಟ ಆ ವಿಭಾಗದಲ್ಲಿ ಅಷ್ಟು ಜಾಗ ಇರುವುದಿಲ್ಲ. ಜಾಗ ಸಾಲದು ಎಂದು ಹೇಳಬೇಕಾದ ಕಡೆ ತಪ್ಪು ದೋಷ ಸಂಖ್ಯೆ ಬರುತ್ತಿದೆ ಎಂದು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್‌ನವರೇ ತಮ್ಮ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಮುಂದೆ ಏಪ್ರಿಲ್‌ನಲ್ಲಿ, ಇದಕ್ಕೆ ತಾನಾಗಿ ಸರಿಯಾಗುವ ಪರಿಹಾರ ಬರುವುದಿಲ್ಲ, ಜಾಗವನ್ನು ಬಳಕೆದಾರರೇ ದೊಡ್ಡದು ಮಾಡಿಕೊಳ್ಳಬೇಕು ಎಂದೂ ಹೇಳಿದರು.

ಹಾಗೆ ಮಾಡುವ ದಾರಿ ಡಿಸ್ಕಿನ ವಿಭಾಗಗಳನ್ನು ಬದಲಿಸುವ ಡಿಸ್ಕ್‌ಪಾರ್ಟ್ ಆದೇಶದ ಮೂಲಕ. ರಿಕವರಿ ವ್ಯವಸ್ಥೆಯನ್ನು ನಿಲ್ಲಿಸಿ, ಸಿ ಡ್ರೈವನ್ನು 250 ಎಂಬಿಯಷ್ಟು ಕುಗ್ಗಿಸಿ, ಹಳೆಯ ರಿಕವರಿ ವಿಭಾಗವನ್ನು ಅಳಿಸಿ, ದೊಡ್ಡದಾಗಿ ಮತ್ತೆ ಕಟ್ಟಿ, ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಬೇಕು. ಡಿಸ್ಕ್‌ಪಾರ್ಟ್ 'ಖಚಿತವೇ' ಎಂದು ಕೇಳುವ ಜಾತಿಯದಲ್ಲ. ವಿಭಾಗದ ಸಂಖ್ಯೆ ಒಂದು ಹೆಚ್ಚು ಕಡಿಮೆಯಾದರೆ ನಿಮ್ಮ ಫೈಲುಗಳೇ ಹೋದವು. ಪೂರ್ತಿ ಬ್ಯಾಕಪ್ ಇಟ್ಟುಕೊಂಡು, ಪ್ರತಿ ಸಾಲನ್ನೂ ಒತ್ತುವ ಮೊದಲು ಓದಿಕೊಂಡು ಮಾಡಿದೆ, ಆಯಿತು. ಆದರೂ ಸಾಮಾನ್ಯ ಬಳಕೆದಾರರ ಕೈಗೆ ಇಂಥ ಕೆಲಸ ಒಪ್ಪಿಸಿದ್ದಕ್ಕೆ ಅರ್ಧ ಅಂಕ ಕೊಡಲೂ ಮನಸ್ಸಿಲ್ಲ.

ಡ್ರೈವರ್ ಅಪ್‌ಡೇಟರ್, ರಿಜಿಸ್ಟ್ರಿ ಕ್ಲೀನರ್ ಎಂಬ ಹೆಸರಿನಲ್ಲಿ ಬರುವ ತಂತ್ರಾಂಶಗಳನ್ನು ನಾನು ಯಂತ್ರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸಾವಿರಾರು 'ದೋಷ' ಎಣಿಸಿ ತೋರಿಸುವುದು ಅವುಗಳ ವ್ಯಾಪಾರ. ಡ್ರೈವರ್ ಬೇಕಿದ್ದರೆ ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ಮಾದರಿ ಸಂಖ್ಯೆ ಕೊಟ್ಟು ಇಳಿಸಿಕೊಳ್ಳಿ.

ಫಾರ್ಮ್ಯಾಟ್ ಮಾಡಿ ಎಂದಿದ್ದವರಿಗೆ ಉತ್ತರ: ಮಾಡಿದ್ದರೆ ಕೆಟ್ಟ ರ‍್ಯಾಮ್ ಮೇಲೆಯೇ ಹೊಸ ವಿಂಡೋಸ್ ಬಿಚ್ಚಿಕೊಳ್ಳುತ್ತಿತ್ತು, ಮೊದಲ ದಿನದಿಂದಲೇ ಉಗ್ರಾಣ ಕೆಟ್ಟಿರುತ್ತಿತ್ತು. ಹೊಸದು ಕೊಳ್ಳಿ ಎಂದವಳಿಗೆ ಮಾತ್ರ ಪೂರ್ತಿ ಉತ್ತರ ನನ್ನಲ್ಲಿಲ್ಲ. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮೇಲಿನದು ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೂಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತೃತ ಭದ್ರತಾ ಅಪ್‌ಡೇಟ್‌ಗಳಿಗೆ ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್‌ವರೆಗೆ ಅವಕಾಶವಿದೆ. ಆಮೇಲೆ ಈ ಯಂತ್ರಕ್ಕೆ ಲಿನಕ್ಸ್ ಹಾಕುವುದೆಂದು ಒಪ್ಪಂದವಾಗಿದೆ. ಅದಕ್ಕೂ ಸರಿಯಾದ ರ‍್ಯಾಮ್ ಬೇಕೇ ಬೇಕು, ಹಾಗಾಗಿ ಇನ್ನೊಂದು ತುಂಡು ತರಿಸಿದೆ. ತರಿಸುವವರು ಗಮನಿಸಿ: ಈ ತಲೆಮಾರಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಬರಿಯ ಡಿಡಿಆರ್3 1.5 ವೋಲ್ಟಿನದು, ಸ್ಲಾಟ್‌ನಲ್ಲಿ ಕೂತರೂ ಯಂತ್ರ ಏಳದಿರಬಹುದು. ಡಿಡಿಆರ್4 ಕೂರುವುದೇ ಇಲ್ಲ. ಹಳೆಯ ತುಂಡಿನ ಮೇಲಿನ ಚೀಟಿಯನ್ನು ಓದಿ ಅದೇ ಬಗೆಯದನ್ನು ಆರಿಸಿ. ಹೊಸತೆಂದು ನಂಬಿ ಸುಮ್ಮನಿರದೆ, ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಅದನ್ನೂ ಒಂದು ರಾತ್ರಿ ಮೆಮ್‌ಟೆಸ್ಟ್86 ಪ್ಲಸ್‌ಗೆ ಒಪ್ಪಿಸಿ.